ಬೆನ್ನು ನೋಯದಂತೆ ಬ್ಯಾಗು ಹೊರುವುದು, ಮನಸ್ಸು ನೋಯದಂತೆ ಸಲಹೆ ಕೊಡುವುದು

ಪುಣೆ ಹತ್ತಿರದ ಸಿಂಹಗಡ ಕೋಟೆಗೆ ಆತಕರವಾಡಿ ಹಳ್ಳಿಯ ಕಡೆಯಿಂದ ಹೋಗುವ ದಾರಿಯಲ್ಲಿ ಅರ್ಧ ಹತ್ತಿದ್ದೆ, ಎರಡೂ ಕೈಯ ಬೆರಳು ಜೋಮು ಹಿಡಿದಿದ್ದವು. ಧಾರವಾಡದಿಂದ ಪುಣೆಗೆ ಬಂದು ಆಗ ಆರು ತಿಂಗಳು. ರಾಜಗಡ ಕೋಟೆಯಿಂದ ತೋರಣಾ ಕೋಟೆಗೆ ನಡೆಯಬೇಕು ಅನ್ನೋ ಆಸೆ, ಅದಕ್ಕೆ ತಯಾರಿ ಅಂತ ಭಾನುವಾರ ಬೆಳಗಿನ ಜಾವ ಬ್ಯಾಗಿಗೆ 10 ಕೆಜಿ ತುಂಬಿಕೊಂಡು ಹೊರಟಿದ್ದೆ. ಪುಣೆಯಲ್ಲಿ ಟ್ರೆಕ್ಕಿಂಗ್ ಮಾಡುವ ಎಷ್ಟೋ ಜನ ಹೀಗೆ ಸಿಂಹಗಡದಲ್ಲೇ ಭಾರ ಹೊತ್ತು ಅಭ್ಯಾಸ ಮಾಡುತ್ತಾರೆ. ದಾರಿಯಲ್ಲಿ ನಾಲ್ಕು ಜನ ನನ್ನನ್ನು ನೋಡಿ ಸಲಹೆ ಕೊಟ್ಟರು. ಬ್ಯಾಗೇ ಸರಿ ಇಲ್ಲ ಅಂದರು ಒಬ್ಬರು. ಹೆಗಲಪಟ್ಟಿ ಇನ್ನೂ ಬಿಗಿ ಮಾಡಿ ಅಂದರು ಇನ್ನೊಬ್ಬರು. ಮಾಡಿದೆ, ಜೋಮು ಜಾಸ್ತಿ ಆಯಿತು.

ಅಲ್ಲೇ ಒಂದು ತಿರುವಿನಲ್ಲಿ ಮೊಸರಿನ ಕುಡಿಕೆಗಳನ್ನು ಜೋಡಿಸಿಕೊಂಡು ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಕೂತಿದ್ದರು. ನಾನು ಕೈ ಒದರುವುದನ್ನು ನೋಡಿ "ಕುಠಂ ದುಖತಂಯ್?" ಅಂದರು. ಎಲ್ಲಿ ನೋಯ್ತಿದೆ ಅಂತ. ಅಷ್ಟು ಹೊತ್ತಿನಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಹೆಗಲು ತೋರಿಸಿದೆ. ಪಕ್ಕದಲ್ಲಿದ್ದ ಸಿಂಬಿ ಎತ್ತಿ ತಲೆ ಮೇಲಿಟ್ಟು ತೋರಿಸಿದರು. ಹಳೇ ಸೀರೆಯ ತುಂಡನ್ನು ಹುರಿಯಂತೆ ಸುತ್ತಿ ಮಾಡಿದ್ದು, ಮಧ್ಯದಲ್ಲಿ ಎಣ್ಣೆ ಹಿಡಿದು ಕಪ್ಪಾಗಿತ್ತು. ಭಾರ ಮೂಳೆ ಮೇಲೆ ಕೂರಬೇಕು, ಮಾಂಸದ ಮೇಲಲ್ಲ ಅಂತ ಅವರ ಮಾತು. ಆಮೇಲೆ ನನ್ನ ಸೊಂಟದ ಎರಡೂ ಕಡೆ ನೇತಾಡುತ್ತಿದ್ದ ಅಗಲವಾದ ಪಟ್ಟಿಯ ಕಡೆ ಬೆರಳು ಮಾಡಿ, ಇದನ್ನ ಯಾಕೆ ಕಟ್ಟಿಲ್ಲ ಅಂತ ಕೇಳಿದರು. ಅದು ಇರೋದು ಯಾಕೆ ಅಂತಲೇ ನನಗೆ ಗೊತ್ತಿರಲಿಲ್ಲ. ಕಟ್ಟಿಕೊಂಡೆ. ಹತ್ತು ನಿಮಿಷದಲ್ಲಿ ಬೆರಳಿಗೆ ಜೀವ ಬಂತು.

ಈಗ ಪುಣೆ, ಮುಂಬೈಯ ಕನ್ನಡದವರ ಜೊತೆ ಸಹ್ಯಾದ್ರಿ ಸುತ್ತುತ್ತಾ ವರ್ಷಗಳಾದವು. ಹೊಸಬರು ಬ್ಯಾಗಿನ ಬಗ್ಗೆ ಕೇಳುತ್ತಲೇ ಇರುತ್ತಾರೆ. ಅದಕ್ಕೇ ನನಗೆ ಗೊತ್ತಿರುವುದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಬ್ಯಾಗು ಹೇಗೆ ಹೊರಬೇಕು ಅನ್ನೋದು ಮೊದಲು. ಗೊತ್ತಿದ್ದದ್ದನ್ನು ಇನ್ನೊಬ್ಬರಿಗೆ ಹೇಗೆ ಹೇಳಬೇಕು ಅನ್ನೋದು ಆಮೇಲೆ. ಎರಡೂ ಶುರುವಾಗುವುದು ಮಾವಶಿ ಕೇಳಿದ ಆ ಪ್ರಶ್ನೆಯಿಂದಲೇ.

ಬ್ಯಾಗು ತಗೊಳ್ಳುವ ಮೊದಲು ಬೆನ್ನು ಅಳೆಯಿರಿ

ಹೊಲಿಗೆಯ ಟೇಪು ತಗೊಂಡು ಮನೆಯಲ್ಲಿ ಇನ್ನೊಬ್ಬರನ್ನು ಕರೆಯಿರಿ, ಒಬ್ಬರೇ ಅಳೆದುಕೊಂಡರೆ ಲೆಕ್ಕ ತಪ್ಪುತ್ತದೆ. ತಲೆಯನ್ನು ಮುಂದಕ್ಕೆ ಬಗ್ಗಿಸಿ. ಕತ್ತಿನ ಹಿಂದೆ, ಬುಡದಲ್ಲಿ, ಒಂದು ಗಂಟು ಮೂಳೆ ಎದ್ದು ಕೈಗೆ ಸಿಗುತ್ತದೆ. ಅದು ಮೇಲಿನ ಗುರುತು. ಈಗ ಎರಡೂ ಕೈ ಟೊಂಕದ ಮೇಲಿಡಿ, ಹೆಬ್ಬೆರಳು ಬೆನ್ನ ಕಡೆ ಇರಲಿ. ಊರಲ್ಲಿ ನೀರು ತರುವಾಗ ಕೊಡ ಟೊಂಕದ ಮೇಲೆ ಎಲ್ಲಿ ಕೂರುತ್ತಿತ್ತೋ, ಆ ಮೂಳೆಯ ಅಂಚೇ ನಮಗೆ ಬೇಕಾದದ್ದು. ಎರಡು ಹೆಬ್ಬೆರಳ ನಡುವೆ ಗೆರೆ ಎಳೆದಂತೆ ಅಂದುಕೊಂಡು, ಮೇಲಿನ ಗಂಟಿನಿಂದ ಆ ಗೆರೆವರೆಗೆ ಬೆನ್ನಿನ ಬಾಗಿನ ಜೊತೆಗೇ ಟೇಪು ಇಳಿಸಿ. ಬಂದ ಸೆಂಟಿಮೀಟರೇ ನಿಮ್ಮ ಬೆನ್ನಿನ ಉದ್ದ.

ಈ ಅಳತೆಗೂ ನಿಮ್ಮ ಎತ್ತರಕ್ಕೂ ನೇರ ಸಂಬಂಧ ಇಲ್ಲ. ನಾನು 5 ಅಡಿ 3 ಇಂಚು, ನನ್ನ ತಮ್ಮ 5 ಅಡಿ 9 ಇಂಚು, ಆದರೂ ಇಬ್ಬರ ಬೆನ್ನೂ ಹೆಚ್ಚು ಕಮ್ಮಿ ಒಂದೇ ಉದ್ದ. ಅವನ ಎತ್ತರವೆಲ್ಲ ಕಾಲಲ್ಲಿದೆ. ಹಾಗಾಗಿ ಅಂಗಡಿಯವರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ "ನಿಮಗೆ ಇದು ಸಾಕು" ಅಂದರೆ ಒಪ್ಪಬೇಡಿ. ಬ್ಯಾಗಿನೊಳಗೆ 6-7 ಕೆಜಿ ಹಾಕಿಸಿಕೊಂಡು ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿ ನೋಡಿ. ಖಾಲಿ ಬ್ಯಾಗು ಎಲ್ಲರಿಗೂ ಹಾಯಾಗೇ ಇರುತ್ತದೆ.

ಒಂದು ದಿನದ ನಡಿಗೆಗೆ 20ರಿಂದ 30 ಲೀಟರಿನ ಬ್ಯಾಗು ಸಾಕು, ಒಂದು ರಾತ್ರಿ ಉಳಿಯುವುದಿದ್ದರೆ 40ರಿಂದ 50. ದೊಡ್ಡದು ತಗೊಂಡರೆ ಜಾಗ ಇದೆ ಅಂತ ತುಂಬುತ್ತಾ ಹೋಗುತ್ತೀರಿ. ಮೊದಲ ಸಲಕ್ಕೆ ಖರೀದಿ ಮಾಡಲೇಬೇಕಂತಿಲ್ಲ. ಪುಣೆಯಲ್ಲೂ ಮುಂಬೈಯಲ್ಲೂ ಬಾಡಿಗೆಗೆ ಕೊಡುವವರಿದ್ದಾರೆ. ಸ್ನೇಹಿತರ ಹತ್ತಿರ ಒಂದು ವಾರಕ್ಕೆ ಕೇಳಿದರೂ ಆಯಿತು.

ಸುಮ್ನೆ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗು ಮಾತ್ರ ಇದ್ದರೆ? ಅದರಲ್ಲೂ ಲೋಹಗಡ, ಸಿಂಹಗಡ ಆರಾಮಾಗಿ ಹತ್ತಬಹುದು. ಭಾರ 5 ಕೆಜಿ ಒಳಗಿರಲಿ. ಪಟ್ಟಿಗಳನ್ನು ಗಿಡ್ಡ ಮಾಡಿ ಬ್ಯಾಗು ಬೆನ್ನಿಗೆ ಅಂಟಿಕೊಂಡು ಮೇಲೆ ಕೂರುವಂತೆ ನೋಡಿಕೊಳ್ಳಿ, ಕೆಳಗೆ ಕುಂಡಿಗೆ ಬಡಿಯಬಾರದು. ಲ್ಯಾಪ್‌ಟಾಪ್ ಇಡುವ ಖಾನೆ ಬೆನ್ನಿಗೆ ಎಲ್ಲಕ್ಕಿಂತ ಹತ್ತಿರ ಇರುತ್ತದಲ್ಲ, ನೀರಿನ ಬಾಟಲಿ ಹಿಡಿಸಿದರೆ ಅಲ್ಲೇ ಇಡಿ.

ತೂಕ ನೋಡಿ, ಆಮೇಲೆ ತುಂಬಿ

ಮನೆಯ ತೂಕದ ಯಂತ್ರದ ಮೇಲೆ ಬ್ಯಾಗು ಹಾಕಿಕೊಂಡು ಒಮ್ಮೆ ನಿಲ್ಲಿ, ಬ್ಯಾಗಿಲ್ಲದೆ ಒಮ್ಮೆ ನಿಲ್ಲಿ, ಕಳೆಯಿರಿ. ಒಂದು ದಿನಕ್ಕೆ ನಿಮ್ಮ ಮೈತೂಕದ ಶೇಕಡಾ 10, ರಾತ್ರಿ ಉಳಿಯುವುದಾದರೆ ಶೇಕಡಾ 20 ಅನ್ನೋದು ಟ್ರೆಕ್ಕಿಂಗ್‌ನಲ್ಲಿ ಎಲ್ಲರೂ ಹಿಡಿಯುವ ಅಂದಾಜು. 55 ಕೆಜಿಯವರಿಗೆ ಐದೂವರೆ ಮತ್ತು ಹನ್ನೊಂದು. ಅದು ಮೇಲಿನ ಮಿತಿ. ಅಷ್ಟು ತುಂಬಲೇಬೇಕು ಅಂತಲ್ಲ.

ಡಿಸೆಂಬರಿನಲ್ಲಿ ಒಂದು ರಾತ್ರಿ ಲೋಣಾವಳಾ ಹತ್ತಿರದ ರಾಜಮಾಚಿ ಕೋಟೆಗೆ ಹೋಗುವಾಗ ನನ್ನ ಲೆಕ್ಕ ಹೀಗಿರುತ್ತದೆ. ಬ್ಯಾಗೇ 1.4 ಕೆಜಿ, ಸ್ಲೀಪಿಂಗ್ ಬ್ಯಾಗು 1.2, ಮ್ಯಾಟು 400 ಗ್ರಾಂ, ಬಟ್ಟೆ 1 ಕೆಜಿ, ಊಟ ತಿಂಡಿ 1 ಕೆಜಿ, ಟಾರ್ಚು, ಔಷಧಿ, ಪವರ್ ಬ್ಯಾಂಕು ಎಲ್ಲ ಸೇರಿ ಅರ್ಧ ಕೆಜಿ, ನೀರು 3 ಲೀಟರ್. ಒಟ್ಟು ಎಂಟೂವರೆ. ನೋಡಿ, ಒಂದು ಲೀಟರ್ ನೀರಂದರೆ ಒಂದು ಕೆಜಿ, ಇಡೀ ಬ್ಯಾಗಿನಲ್ಲಿ ಎಲ್ಲಕ್ಕಿಂತ ಭಾರ ಅದೇ. ಹಾಗಂತ ಅದನ್ನು ಕಡಿಮೆ ಮಾಡಬೇಡಿ, ಬೇರೆಯದನ್ನು ಕಡಿಮೆ ಮಾಡಿ. ರಾಜಮಾಚಿಯ ಉಧೇವಾಡಿಯಲ್ಲಿ ಮನೆಗಳಲ್ಲಿ ಊಟ ಸಿಗುತ್ತದೆ, ಅಲ್ಲಿಗೆ ಒಲೆ, ಪಾತ್ರೆ ಯಾಕೆ? ರಾಜಗಡ–ತೋರಣಾದ ನಡುವೆ ಬೆಟ್ಟದ ನೆತ್ತಿಗುಂಟ ಸಾಗುವ ದಾರಿ ಬೇರೆ. ಉದ್ದಕ್ಕೂ ಬಿಸಿಲು, ನೆರಳು ಕಡಿಮೆ, ನೀರು ಸಿಗುವ ಭರವಸೆ ಇಲ್ಲ. ಕೋಟೆಗಳ ಮೇಲೆ ಬಂಡೆ ಕೊರೆದು ಮಾಡಿದ ನೀರಿನ ಟಾಕೆಗಳಲ್ಲಿ ಎಷ್ಟೋ ಬೇಸಿಗೆಗೆ ಒಣಗುತ್ತವೆ. ಅಲ್ಲಿಗೆ ನಾನು 4 ಲೀಟರ್ ಹೊರುತ್ತೇನೆ, ಸ್ವೆಟರ್ ಮನೆಯಲ್ಲಿ ಬಿಡುತ್ತೇನೆ.

ಯಾವ ಸಾಮಾನು ಎಲ್ಲಿ ಇರಬೇಕು ಅನ್ನೋದಕ್ಕೆ ಒಂದು ಪರೀಕ್ಷೆ ಮಾಡಿ. ಒಂದು ಲೀಟರಿನ ತುಂಬಿದ ಬಾಟಲಿಯನ್ನು ಎದೆಗೆ ಅಪ್ಪಿಕೊಂಡು ಒಂದು ನಿಮಿಷ ನಿಲ್ಲಿ. ಈಗ ಅದೇ ಬಾಟಲಿಯನ್ನು ಕೈ ಚಾಚಿ ಹಿಡಿದು ನಿಲ್ಲಿ. ಭಾರ ಅದೇ, ಆದರೆ ಸ್ವಲ್ಪ ಹೊತ್ತಿಗೇ ಕೈ ನಡುಗುತ್ತದೆ. ಬ್ಯಾಗಿನ ಭಾರವೂ ಹಾಗೇ, ಬೆನ್ನಿನಿಂದ ದೂರ ಹೋದಷ್ಟೂ ಹಿಂದಕ್ಕೆ ಜಗ್ಗುತ್ತದೆ, ನೀವು ಮುಂದಕ್ಕೆ ಬಾಗುತ್ತೀರಿ, ನಡು ಹಿಡಿದುಕೊಳ್ಳುತ್ತದೆ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲರನ್ನು ನೋಡಿ. ಮೂಟೆ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ, ನಡುವೆ ಗೇಣು ಜಾಗ ಬಿಡುವುದಿಲ್ಲ.

ಆದ್ದರಿಂದ ತಳಕ್ಕೆ ಹಗುರವಾದ, ದಾರಿಯಲ್ಲಿ ಬೇಡವಾದ ಸಾಮಾನು: ಸ್ಲೀಪಿಂಗ್ ಬ್ಯಾಗು, ರಾತ್ರಿ ಬಟ್ಟೆ. ಅದರ ಮೇಲೆ ಬೆನ್ನಿಗೆ ತಾಗಿ ಭಾರದ್ದು: ನೀರು, ಊಟದ ಡಬ್ಬಿ, ಪವರ್ ಬ್ಯಾಂಕು. ಹೊರಮೈ ಕಡೆಗೆ ಹಗುರವಾದ ಜಾಕೆಟ್ಟು. ತೀರಾ ಮೇಲೆ ರೇನ್‌ಕೋಟು, ಔಷಧಿ, ಟಾರ್ಚು. ಎಡ ಬಲ ಸಮ ಇರಲಿ. ಒಂದೇ ಕಡೆ ಜೇಬಿನಲ್ಲಿ 2 ಲೀಟರ್ ಇಟ್ಟರೆ ಸಂಜೆ ಹೊತ್ತಿಗೆ ಒಂದೇ ಕಡೆ ಟೊಂಕ ಹಿಡಿಯುತ್ತದೆ.

ಊಟಕ್ಕೆ ನನ್ನ ಮತ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿಗೆ. ತೂಕ ಇಲ್ಲ, ಕೆಡುವುದಿಲ್ಲ, ಒಲೆ ಬೇಡ. ಆದರೆ ರೊಟ್ಟಿ ಪುಡಿಯಾಗದಂತೆ ಒಯ್ಯುವುದು ಕಲಿಯಬೇಕು. ನನ್ನ ಅವ್ವ ಹೇಳಿಕೊಟ್ಟದ್ದು ಇದು: ರೊಟ್ಟಿಗಳನ್ನು ಬಿಸಿ ಇರುವಾಗಲೇ ನಾಲ್ಕು ಮಡಿಕೆ ಮಡಚಿ, ಹಾಗೇ ಒಣಗಿಸಿ, ಪಂಚೆ ತುಂಡಿನಲ್ಲಿ ಸುತ್ತಿ ಚಪ್ಪಟೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಎಲ್ಲಕ್ಕಿಂತ ಮೇಲೆ ಇಡಬೇಕು. ರಾಜಮಾಚಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ, ಮಂಜು ಇನ್ನೂ ಕಣಿವೆಯಲ್ಲಿ ಕೂತಿರುವಾಗ, ಆ ಡಬ್ಬಿ ತೆಗೆದರೆ ಸುತ್ತ ಕೂತವರೆಲ್ಲ ಕೈ ಚಾಚುತ್ತಾರೆ. ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಹಾಕಿಕೊಳ್ಳುವ ಕ್ರಮ

ಇಲ್ಲಿ ಆತುರ ಬೇಡ. ತೊಂಬತ್ತು ಪಾಲು ನೋವು ಈ ಕ್ರಮ ತಪ್ಪಿದ್ದರಿಂದಲೇ ಅಂತ ನನ್ನ ನಂಬಿಕೆ.

ಬ್ಯಾಗು ನೆಲದ ಮೇಲಿರುವಾಗಲೇ ಎಲ್ಲ ಪಟ್ಟಿ ಸಡಿಲ ಮಾಡಿ. ಎತ್ತುವಾಗ ಒಂದೇ ಹೆಗಲಪಟ್ಟಿ ಹಿಡಿದು ಜಗ್ಗಿ ಎತ್ತಬೇಡಿ, ಹೊಲಿಗೆಯೂ ಹೋಗುತ್ತದೆ, ನಡುವೂ ಹಿಡಿಯುತ್ತದೆ. ಒಂದು ಕಾಲು ಮುಂದಿಟ್ಟು, ಮೊಣಕಾಲು ಬಗ್ಗಿಸಿ, ಮೇಲಿನ ಚಿಕ್ಕ ಹಿಡಿ ಹಿಡಿದು ಬ್ಯಾಗನ್ನು ತೊಡೆ ಮೇಲೆ ತಂದುಕೊಳ್ಳಿ. ಅಲ್ಲಿಂದ ಒಂದು ತೋಳು ಹಾಕಿ, ತಿರುಗಿ, ಇನ್ನೊಂದು ತೋಳು. ಭಾರ ಜಾಸ್ತಿ ಇದ್ದರೆ ಪಕ್ಕದವರಿಗೆ ಸ್ವಲ್ಪ ಹಿಡೀರಿ ಅನ್ನಿ.

ಈಗ ಸ್ವಲ್ಪ ಮುಂದೆ ಬಾಗಿ, ಬ್ಯಾಗನ್ನು ಬೆನ್ನ ಮೇಲೆ ಒಂದು ಸಲ ಮೇಲಕ್ಕೆ ಕುಪ್ಪಳಿಸಿ, ಸೊಂಟದ ಪಟ್ಟಿಯನ್ನು ಟೊಂಕದ ಮೂಳೆ ಅಂಚಿನ ಮೇಲೆ ಕೂರಿಸಿ ಬಕಲ್ ಹಾಕಿ ಬಿಗಿ ಮಾಡಿ. ಮೆತ್ತನೆಯ ಪ್ಯಾಡು ಮೂಳೆಯ ಅಂಚನ್ನು ಅರ್ಧ ಮೇಲೆ ಅರ್ಧ ಕೆಳಗೆ ಅಪ್ಪಿಕೊಳ್ಳಬೇಕು. ಹೊಟ್ಟೆಯ ಮೇಲೆ ಹತ್ತಿದರೆ ಉಸಿರು ಕಟ್ಟುತ್ತದೆ, ತೊಡೆ ಕಡೆ ಜಾರಿದರೆ ಕಾಲೆತ್ತಲು ಆಗುವುದಿಲ್ಲ. ಒಂದು ಮೊಣಕಾಲನ್ನು ಎದೆಯ ಕಡೆ ಎತ್ತಿ ನೋಡಿ, ಪಟ್ಟಿ ಅಡ್ಡ ಬಂದರೆ ಸ್ವಲ್ಪ ಮೇಲೆ ತನ್ನಿ. ಸರಿಯಾಗಿ ಕೂತಾಗ ಭಾರದ ಮುಕ್ಕಾಲು ಪಾಲು ಟೊಂಕದ ಮೂಲಕ ಕಾಲಿಗೆ ಇಳಿಯುತ್ತದೆ.

ಆಮೇಲೆ ಹೆಗಲಪಟ್ಟಿ. ಕೆಳಕ್ಕೆ, ಹಿಂದಕ್ಕೆ ಎಳೆಯಿರಿ, ಪಟ್ಟಿ ಹೆಗಲಿಗೆ ಸುಮ್ನೆ ತಾಗಿ ನಿಲ್ಲುವಷ್ಟು ಮಾತ್ರ. ಇಲ್ಲೇ ಎಲ್ಲರೂ ತಪ್ಪುವುದು. ಇನ್ನಷ್ಟು ಎಳೆದರೆ ಸೊಂಟದ ಮೇಲೆ ಕೂತಿದ್ದ ಭಾರವನ್ನು ನೀವೇ ಎತ್ತಿ ಹೆಗಲ ಮೇಲೆ ಹಾಕಿಕೊಂಡಂತೆ. ಕಂಕುಳ ಹತ್ತಿರ ನರ ಒತ್ತಿ ಕೈ ಜೋಮು ಹಿಡಿಯುವುದು ಆಗಲೇ.

ಹೆಗಲಪಟ್ಟಿಯ ಮೇಲ್ಭಾಗದಿಂದ ಬ್ಯಾಗಿನ ತಲೆಗೆ ಹೋಗುವ ಎರಡು ಸಣ್ಣ ಪಟ್ಟಿಗಳಿರುತ್ತವೆ. ಎಷ್ಟೋ ಜನ ಅವನ್ನು ಮುಟ್ಟಿಯೇ ಇರುವುದಿಲ್ಲ. ಅವನ್ನು ಎಳೆದರೆ ಬ್ಯಾಗಿನ ತಲೆ ನಿಮ್ಮ ಬೆನ್ನ ಕಡೆ ಬರುತ್ತದೆ, ಹಿಂದಕ್ಕೆ ಜಗ್ಗುವುದು ನಿಲ್ಲುತ್ತದೆ. ಪಟ್ಟಿ ಸುಮಾರು 45 ಡಿಗ್ರಿ ಓರೆಯಾಗಿ ಕಂಡರೆ ಸರಿ. ಕೊನೆಗೆ ಎದೆಪಟ್ಟಿ, ಕೊರಳೆಲುಬಿನಿಂದ ಮೂರ್ನಾಲ್ಕು ಬೆರಳು ಕೆಳಗೆ. ಹಾಕಿ ಒಂದು ದೀರ್ಘ ಉಸಿರು ತಗೊಳ್ಳಿ, ಎದೆ ಹಿಡಿದಂತಾದರೆ ಸಡಿಲಿಸಿ.

ಹೆಂಗಸರಿಗೆ ಒಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಳ ಉಡುಪಿನ ಪಟ್ಟಿಯ ಕೊಂಡಿ ಹೆಗಲಪಟ್ಟಿಯ ಕೆಳಗೆ ಸಿಕ್ಕರೆ ಸಂಜೆ ಹೊತ್ತಿಗೆ ಚರ್ಮ ಸುಲಿದಿರುತ್ತದೆ. ಅಗಲ ಪಟ್ಟಿಯ, ಹೆಗಲ ಮೇಲೆ ಕೊಂಡಿ ಇಲ್ಲದ ಸ್ಪೋರ್ಟ್ಸ್ ಬ್ರಾ ಹಾಕಿ. ಚೂಡಿದಾರದ ಗಂಟು, ದಪ್ಪ ಸೊಂಟಪಟ್ಟಿಯ ಜೀನ್ಸು ಕೂಡ ಬ್ಯಾಗಿನ ಬೆಲ್ಟಿನ ಕೆಳಗೆ ಚುಚ್ಚುತ್ತವೆ.

ದಾರಿಯಲ್ಲಿ

ಟ್ರೆಕ್ಕಿನ ದಾರಿ ರೈಲಿನಲ್ಲೇ ಶುರು. ಕರ್ಜತ್ ಲೋಕಲ್ ಆಗಲಿ, ಪುಣೆ–ಲೋಣಾವಳಾ ಲೋಕಲ್ ಆಗಲಿ, ಸೊಂಟದ ಪಟ್ಟಿ ನೇತಾಡುತ್ತಿದ್ದರೆ ಯಾರದ್ದಾದರೂ ಚೀಲಕ್ಕೆ ಸಿಕ್ಕಿಕೊಳ್ಳುತ್ತದೆ. ಹತ್ತುವ ಮೊದಲು ಆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಬ್ಯಾಗಿನ ಸುತ್ತಲೇ ಬಕಲ್ ಹಾಕಿಬಿಡಿ. ಒಳಗೆ ಹೋದಮೇಲೆ ಬ್ಯಾಗು ಎದೆಗೆ ಬರಲಿ, ಮುಂಬೈಯವರಿಗೆ ಇದನ್ನು ಹೇಳಬೇಕಾಗಿಲ್ಲ.

ನಡೆಯಲು ಶುರು ಮಾಡಿ 15 ನಿಮಿಷಕ್ಕೆ ಒಮ್ಮೆ ನಿಲ್ಲಿ, ಎಲ್ಲ ಪಟ್ಟಿ ಮತ್ತೆ ನೋಡಿ. ಸಾಮಾನು ಒಳಗೆ ಕೂತು ಬ್ಯಾಗು ಇಳಿದಿರುತ್ತದೆ. ಆಮೇಲೆ ಗಂಟೆಗೊಮ್ಮೆ ಭಾರ ಜಾಗ ಬದಲಿಸಲಿ: ಐದು ನಿಮಿಷ ಸೊಂಟದ ಪಟ್ಟಿ ಸಡಿಲಿಸಿ ಹೆಗಲಿಗೆ ಕೊಡಿ, ಮತ್ತೆ ಸೊಂಟಕ್ಕೆ ತನ್ನಿ. ಒಂದೇ ಜಾಗ ಇಡೀ ದಿನ ಒತ್ತಿಸಿಕೊಳ್ಳಬಾರದು. ಇಳಿಯುವಾಗ ಬ್ಯಾಗು ತೂಗಾಡಿದರೆ ಕಾಲು ತಪ್ಪುತ್ತದೆ, ಮೇಲಿನ ಸಣ್ಣ ಪಟ್ಟಿಗಳನ್ನು ಸ್ವಲ್ಪ ಬಿಗಿ ಮಾಡಿ.

ಬ್ಯಾಗಿನ ಹೊರಗೆ ಏನನ್ನೂ ನೇತು ಹಾಕಬೇಡಿ. ಕಳಸೂಬಾಯಿ, ಮಹಾರಾಷ್ಟ್ರದ ಎಲ್ಲಕ್ಕಿಂತ ಎತ್ತರದ ಶಿಖರ, 1,646 ಮೀಟರ್, ಅಲ್ಲಿ ಕಬ್ಬಿಣದ ಏಣಿಗಳಿವೆ. ಮಗ್ಗು, ಚಪ್ಪಲಿ, ಅಡ್ಡಕ್ಕೆ ಕಟ್ಟಿದ ಮ್ಯಾಟು ಏಣಿಯ ಕಂಬಿಗೆ ಸಿಕ್ಕರೆ ನೀವು ಹಿಂದಕ್ಕೆ ವಾಲುತ್ತೀರಿ. ರಾಜಗಡದ ಚೋರ ದರವಾಜಾ ಕಡೆಯ ಕಡಿದಾದ ಬಂಡೆ ಮೆಟ್ಟಿಲಲ್ಲೂ ಅದೇ ಕಥೆ. ಮ್ಯಾಟನ್ನು ಉದ್ದಕ್ಕೆ, ಬದಿಗೆ ಕಟ್ಟಿ.

ಕೈ ಜೋಮು ಹಿಡಿದರೆ ಅಲ್ಲೇ ನಿಂತು ಹೆಗಲಪಟ್ಟಿ ಸಡಿಲಿಸಿ. "ಇನ್ನೊಂದು ಸ್ವಲ್ಪ, ಆ ಮರದವರೆಗೆ" ಅಂತ ಮುಂದೂಡಬೇಡಿ. ಮನೆಗೆ ಬಂದಮೇಲೂ ಜೋಮು ಹೋಗದಿದ್ದರೆ ಡಾಕ್ಟರ ಹತ್ತಿರ ತೋರಿಸಿ.

ಮಳೆಗಾಲದಲ್ಲಿ ರೇನ್ ಕವರ್ ಒಂದನ್ನೇ ನಂಬಬೇಡಿ. ಅದು ಮೂರು ಕಡೆ ಮುಚ್ಚುತ್ತದೆ, ಬೆನ್ನ ಕಡೆ ತೆರೆದೇ ಇರುತ್ತದೆ. ನಿಮ್ಮ ಕತ್ತಿನಿಂದ ಇಳಿದ ನೀರು ಬೆನ್ನಪ್ಯಾಡಿನ ಮೂಲಕ ಒಳಗೆ ಹೋಗುತ್ತದೆ, ಕವರಿನ ತಳದಲ್ಲಿ ನಿಲ್ಲುತ್ತದೆ. ಬ್ಯಾಗಿನ ಒಳಗೇ ಒಂದು ದಪ್ಪ ದೊಡ್ಡ ಪ್ಲಾಸ್ಟಿಕ್ ಚೀಲ ಇಳಿಸಿ, ಎಲ್ಲ ಅದರೊಳಗೆ ತುಂಬಿ, ಬಾಯಿ ತಿರುವಿ ಮಡಚಿ. ನೆನೆದ ಬಟ್ಟೆಯಷ್ಟು ಭಾರ ಬೇರೆ ಇಲ್ಲ. ಹಳ್ಳ ದಾಟುವಾಗ ಸೊಂಟದ್ದೂ ಎದೆಯದ್ದೂ ಎರಡೂ ಬಕಲ್ ಬಿಚ್ಚಿಡಿ, ಕಾಲು ಜಾರಿದರೆ ಬ್ಯಾಗು ಕಳಚಿಕೊಳ್ಳಲು ಬರಬೇಕು. ಹಳ್ಳ ತುಂಬಿ ಕೆಂಪಾಗಿ ಹರಿಯುತ್ತಿದ್ದರೆ ದಾಟಲೇಬೇಡಿ, ವಾಪಸ್ ಬನ್ನಿ.

ಈಗ ಸಲಹೆಯ ವಿಷಯ

ಇದನ್ನು ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಒಳ್ಳೇ ಬ್ಯಾಗಿದ್ದರೂ ಬರೀ ಮಾತಿನಿಂದ ಬೇಜಾರಾಗಿ ಟ್ರೆಕ್ಕಿಂಗ್ ಬಿಟ್ಟವರನ್ನು ನೋಡಿದ್ದೇನೆ. ಕಳೆದ ವರ್ಷ ನಮ್ಮ ಮೊಬೈಲ್ ಗುಂಪಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಪುಣೆಯ ಹಿಂಜವಡಿಯಲ್ಲಿ ಕೆಲಸ, ತನ್ನ ಬ್ಯಾಗಿನ ಫೋಟೋ ಹಾಕಿ ಹೆಗಲು ನೋಯ್ತಿದೆ ಏನು ಮಾಡಲಿ ಅಂತ ಕೇಳಿದಳು. ಅರ್ಧ ಗಂಟೆಯಲ್ಲಿ ಹನ್ನೊಂದು ಉತ್ತರ. ಈ ಬ್ಯಾಗು ಬಿಸಾಕಿ, ಇಂಥ ಕಂಪನಿಯದು ತಗೊಳ್ಳಿ, ಮೊದಲು ವ್ಯಾಯಾಮ ಮಾಡಿ, ಇಷ್ಟು ಭಾರ ಯಾಕೆ ಹೊರ್ತೀರಿ. ಎಷ್ಟು ಭಾರ ಅಂತ ಅವಳು ಹೇಳಿರಲೇ ಇಲ್ಲ. ಅವಳು ಫೋಟೋ ಅಳಿಸಿದಳು. ಆ ಹನ್ನೊಂದರಲ್ಲಿ ಒಂದು ಉತ್ತರ ನನ್ನದೂ ಇತ್ತು, ಅದು ನನಗೆ ಈಗಲೂ ಚುಚ್ಚುತ್ತದೆ. ಅಂದಿನಿಂದ ಕೆಲವು ವಿಷಯ ಪಾಲಿಸುತ್ತೇನೆ.

ಉತ್ತರ ಕೊಡುವ ಮೊದಲು ಕೇಳಿ. ಎಲ್ಲಿ ನೋಯುತ್ತದೆ, ಎಷ್ಟು ಹೊತ್ತು ನಡೆದ ಮೇಲೆ, ಬ್ಯಾಗಿನ ತೂಕ ಎಷ್ಟು, ಸೊಂಟದ ಪಟ್ಟಿ ಕಟ್ಟುತ್ತೀರಾ. ಹೆಗಲ ಮೇಲ್ಭಾಗ ನೋಯುವುದು ಬೇರೆ, ಕಂಕುಳ ಹತ್ತಿರ ಉಜ್ಜುವುದು ಬೇರೆ, ನಡು ಹಿಡಿಯುವುದು ಬೇರೆ. ಒಂದಕ್ಕೆ ಕೊಡುವ ಉತ್ತರ ಇನ್ನೊಂದಕ್ಕೆ ಕೆಡುಕು ಮಾಡುತ್ತದೆ, ನನ್ನ ಬೆರಳಿಗೆ ಆದ ಹಾಗೆ.

ನಿಮ್ಮ ಅನುಭವ ಹೇಳುವಾಗ ನಿಮ್ಮ ಅಳತೆಯನ್ನೂ ಹೇಳಿ. "ಈ ಬ್ಯಾಗು ಸೂಪರ್" ಅನ್ನೋದರಿಂದ ಯಾರಿಗೂ ಏನೂ ಸಿಗುವುದಿಲ್ಲ. "ನಾನು 5 ಅಡಿ 3 ಇಂಚು, ಡಿಸೆಂಬರಿನಲ್ಲಿ ಎಂಟೂವರೆ ಕೆಜಿ ಹೊತ್ತು ಲೋಣಾವಳಾದಿಂದ ರಾಜಮಾಚಿಗೆ ಹೋದೆ, ಹೆಗಲು ನೋಯಲಿಲ್ಲ, ಆದರೆ ಬೆನ್ನು ಬೆವರಿ ಒದ್ದೆ ಆಯಿತು" ಅಂದರೆ ಓದಿದವರು ತಮಗೆ ಹೋಲಿಸಿಕೊಳ್ಳಬಹುದು.

"ಸುಲಭ" ಅನ್ನೋ ಪದ ತುಂಬಾ ಅಪಾಯ. ಅದೇ ರಾಜಮಾಚಿಗೆ ಲೋಣಾವಳಾ ಕಡೆಯಿಂದ ಸುಮಾರು 15 ಕಿಲೋಮೀಟರ್, ಉದ್ದ ಇದೆ, ಆದರೆ ಹೆಚ್ಚು ಏರಿಲ್ಲ. ಕರ್ಜತ್ ಕಡೆಯ ಕೊಂಡಿವಡೆಯಿಂದ ಹೋದರೆ ಕೊಂಡಾಣೆ ಗುಹೆಗಳ ಪಕ್ಕದಿಂದ ಕಾಡಿನೊಳಗೆ ಒಂದೇ ಸಮ ಏರು. ರಾಜಮಾಚಿ ಸುಲಭ ಅಂತ ನೀವು ಅಂದದ್ದನ್ನು ಕೇಳಿ ಒಬ್ಬರು ಕೊಂಡಿವಡೆಯಲ್ಲಿ 12 ಕೆಜಿ ಹೊತ್ತು ನಿಂತರೆ? ಯಾವ ಕಡೆಯಿಂದ, ಯಾವ ತಿಂಗಳು, ಎಷ್ಟು ಗಂಟೆ, ಅಷ್ಟು ಬರೆಯಿರಿ. ಸುಲಭವೋ ಕಷ್ಟವೋ ಅವರೇ ತೀರ್ಮಾನ ಮಾಡಲಿ. ಫೋಟೋ ಹಾಕಿದರೆ ತೆಗೆದ ತಿಂಗಳು ಜೊತೆಗೇ ಹಾಕಿ. ಆಗಸ್ಟಿನಲ್ಲಿ ಜಲಪಾತ ಇದ್ದ ಜಾಗದಲ್ಲಿ ಮಾರ್ಚಿನಲ್ಲಿ ಒಂದು ಹನಿಯೂ ಇರುವುದಿಲ್ಲ.

ಇಷ್ಟದ ಮಾತು ಮತ್ತು ಜೀವದ ಮಾತು ಬೇರೆ ಬೇರೆ ಇಡಿ. ಬಣ್ಣ, ಕಂಪನಿ, ಬೆಲೆ, ಸ್ಟಿಕ್ ಬೇಕೋ ಬೇಡವೋ, ಇವೆಲ್ಲ ಇಷ್ಟ. ಇದರಲ್ಲಿ ಒತ್ತಾಯ ಬೇಡ. ಆದರೆ ಏಪ್ರಿಲ್ ಬಿಸಿಲಲ್ಲಿ ಒಂದು ಲೀಟರ್ ನೀರು ಇಟ್ಟುಕೊಂಡು ತೋರಣಾಕ್ಕೆ ಹೊರಟವರಿಗೆ, ತುಂಬಿದ ಹಳ್ಳ ದಾಟುತ್ತೇವೆ ಅನ್ನುವವರಿಗೆ ನೇರವಾಗಿ ಬೇಡ ಅನ್ನಿ, ಕಾರಣ ಒಂದೇ ಸಾಲಲ್ಲಿ ಹೇಳಿ. ಅಲ್ಲಿ ಸಂಕೋಚ ಮಾಡಬೇಡಿ. ಎಲ್ಲದಕ್ಕೂ ಒಂದೇ ಗಟ್ಟಿ ದನಿ ಎತ್ತುವವರ ಮಾತನ್ನು, ನಿಜವಾಗಿ ಬೇಕಾದ ದಿನ ಯಾರೂ ಕೇಳುವುದಿಲ್ಲ.

ದುಡ್ಡಿನ ವಿಷಯ ನೋಡಿಕೊಂಡು ಮಾತಾಡಿ. ಎಲ್ಲರಿಗೂ ಹೊಸ ಬ್ಯಾಗು ಕೊಳ್ಳಲು ಆಗುವುದಿಲ್ಲ. ಇರುವ ಬ್ಯಾಗಿನಲ್ಲೇ ಏನು ಸರಿ ಮಾಡಬಹುದು ಅನ್ನೋದು ಮೊದಲ ಉತ್ತರ ಆಗಲಿ. ಕೊಳ್ಳುವುದು ಕೊನೆಯ ಉತ್ತರ.

ದಾರಿಯಲ್ಲಿ ಎದುರಿಗೆ ಸಿಕ್ಕವರಿಗೆ ಹೇಳುವಾಗ ಇನ್ನೂ ಮೆತ್ತಗೆ. ಏದುಸಿರು ಬಿಡುತ್ತಾ ಹತ್ತುತ್ತಿರುವವರನ್ನು ನಿಲ್ಲಿಸಿ ಪಾಠ ಮಾಡಬೇಡಿ, ಅವರು ಕೂತಾಗ ಕೇಳಿ. ಬ್ಯಾಗು ಮುಟ್ಟುವ ಮೊದಲು ಕೇಳಲೇಬೇಕು. "ಅಕ್ಕ, ಆ ಪಟ್ಟಿ ಸ್ವಲ್ಪ ಸಡಿಲಿಸಿದರೆ ಆರಾಮ ಆಗಬಹುದು, ನೋಡ್ತೀರಾ?" ಅನ್ನಿ, ಅವರೇ ಸಡಿಲಿಸಿಕೊಳ್ಳುತ್ತಾರೆ. ಗಂಡಸರಿಗೆ ಇದನ್ನು ಎರಡು ಸಲ ಹೇಳುತ್ತೇನೆ, ಒಳ್ಳೇ ಮನಸ್ಸಿನಿಂದಲೇ ಇದ್ದರೂ ಗುರುತಿಲ್ಲದ ಹೆಣ್ಣುಮಗಳ ಎದೆಪಟ್ಟಿ, ಸೊಂಟದ ಪಟ್ಟಿಗೆ ಕೈ ಹಾಕಬೇಡಿ.

ನಮ್ಮ ಗುಂಪಿನಲ್ಲಿ ಕಲಬುರಗಿಯವರಿದ್ದಾರೆ, ಉಡುಪಿ ಕಡೆಯಿಂದ ಬಂದು ಮುಂಬೈಯಲ್ಲೇ ಹುಟ್ಟಿ ಬೆಳೆದವರಿದ್ದಾರೆ. ಒಬ್ಬರ "ಏನ್ರೀ ಇದು" ಇನ್ನೊಬ್ಬರಿಗೆ ಬೈದಂತೆ ಕೇಳಿಸುತ್ತದೆ, ಒಬ್ಬರ "ಮಾರಾಯ್ರೆ" ಇನ್ನೊಬ್ಬರಿಗೆ ಹಗುರವಾಗಿ. ಎದುರಿಗಿದ್ದರೆ ಮುಖ ನೋಡಿ ಅರ್ಥ ಆಗುತ್ತದೆ, ಮೊಬೈಲಿನಲ್ಲಿ ಮುಖ ಇಲ್ಲ. ಗುರುತಿಲ್ಲದವರಿಗೆ ಬಹುವಚನ ಇರಲಿ, ವಯಸ್ಸು ಗೊತ್ತಿಲ್ಲದಿದ್ದರಂತೂ ಖಂಡಿತ. ತಪ್ಪು ತಿದ್ದುವುದಿದ್ದರೆ ಎಲ್ಲರ ಮುಂದೆ ಬೇಡ, ಅವರಿಗೊಬ್ಬರಿಗೇ ಬರೆಯಿರಿ. ನೀವು ಹೇಳಿದ್ದು ಸರಿಹೋಗಲಿಲ್ಲ ಅಂತ ಅವರು ಅಂದರೆ ವಾದ ಬೇಡ, ಬೆನ್ನು ಅವರದ್ದು. ದಾರಿಯಲ್ಲಿ ಊಟ ಹಾಕಿದ ಕಾಕಾ ಅವರ ಫೋನ್ ನಂಬರನ್ನೂ ಅವರನ್ನು ಕೇಳದೆ ಹಂಚಬೇಡಿ. ಎಷ್ಟು ಕರೆ ಬರುತ್ತವೆ ಅಂತ ಅವರೇ ಹೇಳಿಕೊಂಡದ್ದನ್ನು ಕೇಳಿದ್ದೇನೆ.

ಆ ಹುಡುಗಿಗೆ ನಾನು ಎರಡು ದಿನ ಬಿಟ್ಟು ಪ್ರತ್ಯೇಕವಾಗಿ ಬರೆದೆ. "ಮೊನ್ನೆ ಗುಂಪಿನಲ್ಲಿ ಕೇಳದೆ ಉತ್ತರ ಕೊಟ್ಟಿದ್ದಕ್ಕೆ ಕ್ಷಮಿಸಿ. ನಿಮಗೆ ನೋಯುವುದು ಹೆಗಲ ಮೇಲಾ, ಮುಂದೆ ಕಂಕುಳ ಹತ್ತಿರವಾ? ಸೊಂಟದ ಪಟ್ಟಿ ಕಟ್ಟುತ್ತೀರಾ? ಬ್ಯಾಗು ಹಾಕಿಕೊಂಡು ಪಕ್ಕದಿಂದ ಒಂದು ಫೋಟೋ ಕಳಿಸಿದರೆ ನನಗೆ ಕಂಡದ್ದು ಹೇಳುತ್ತೇನೆ. ಬೇಡ ಅನ್ನಿಸಿದರೂ ಪರವಾಗಿಲ್ಲ." ಸಂಜೆ ಫೋಟೋ ಬಂತು. ಸೊಂಟದ ಪಟ್ಟಿ ಹೊಟ್ಟೆ ಮೇಲಿತ್ತು, ಮೂಳೆಯಿಂದ ನಾಲ್ಕು ಬೆರಳು ಮೇಲೆ. ಹೆಗಲಪಟ್ಟಿ ಸ್ವಲ್ಪ ಉದ್ದ ಬಿಟ್ಟು ಟೊಂಕಕ್ಕೆ ಇಳಿಸಿ ನೋಡಿ ಅಂದೆ. ಮುಂದಿನ ಭಾನುವಾರ ಅವಳು ಸಿಂಹಗಡದ ಮೇಲಿಂದ ಕಳಿಸಿದ ಸಂದೇಶದಲ್ಲಿ ಪಿಠ್ಲ ಭಾಕರಿಯ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ತಟ್ಟೆಯ ಫೋಟೋ ಇತ್ತು, ಕೆಳಗೆ ಒಂದು ಪ್ರಶ್ನೆ: "ಅಕ್ಕ, ಹೆಗಲು ಈಗ ಆರಾಮ. ಇಳಿಯುವಾಗ ಮಾತ್ರ ಬ್ಯಾಗು ಎಡಕ್ಕೆ ಎಳೆಯುತ್ತಿದೆ, ಯಾಕೆ?"

ನೀರಿನ ಬಾಟಲಿ ಯಾವ ಕಡೆ ಇದೆ ಅಂತ ಕೇಳಿದೆ.